ಶೆಡ್ಡಿನ ಸದ್ದಿನಲ್ಲಿ ನಾನಾಡಿದ ಮಾತು

ಮಾಮಾ,

ಪತ್ರ ಅಂದ ಮೇಲೆ ಈ ಕಡೆ ನಾವೆಲ್ಲ ಕ್ಷೇಮ ಅಂತ ಶುರು ಮಾಡಬೇಕು. ಆ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದೆ. ಮಂದಿಯ ಮುಂದೆ ನಿನಗೆ ‘ನೀವು’ ಅನ್ನುತ್ತಿದ್ದೆ, ಮನೆಯಲ್ಲಿ ‘ನೀ’ ಅನ್ನುತ್ತಿದ್ದೆ. ಇದು ಮನೆಯ ಪತ್ರ. ನೀನು ಹೋಗಿ ಎಂಟು ತಿಂಗಳಾಯಿತು. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದರ ಸುತ್ತಲೇ ಸುತ್ತಾಡಿ ಕಾಗದ ಮುಗಿಸಿಬಿಡುವ ಮನುಷ್ಯ ನಾನು, ನಿನಗೆ ಗೊತ್ತಿದೆ. ಇಚಲಕರಂಜಿಯ ಶೆಡ್ಡಿನಲ್ಲಿ ನಿನ್ನ ಕೆಲಸ ಹೋದದ್ದು ಹೊಸ ಮಗ್ಗ ಬಂದದ್ದಕ್ಕಲ್ಲ. ನಾನು ಆಡಿದ ಒಂದು ಮಾತಿಗೆ ಹೋಯಿತು. ಆ ಮಾತು ನನಗೂ ಶೆಡ್ಡಿನ ಕಾರಭಾರಿ ದಿವಾಣಜಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಅಂತ ಹೋದ ತಿಂಗಳವರೆಗೂ ತಿಳಿದಿದ್ದೆ.

ರಬಕವಿಯಿಂದ ನಾನು ಬಸ್ಸಿನಲ್ಲಿ ಬಂದಿಳಿದ ದಿನ ನೆನಪಾಗುತ್ತಿದೆ. ಅಪ್ಪ ಹೋಗಿ, ಮನೆಯ ಕುಣಿಮಗ್ಗ ನಿಂತು, ಅವ್ವ ನನ್ನನ್ನು ತಮ್ಮನಾದ ನಿನ್ನ ಕೈಗೆ ಒಪ್ಪಿಸಿದ್ದಳು. ಇಪ್ಪತ್ತು ವರ್ಷದವನು ನಾನು. ಬಸ್‌ ಸ್ಟ್ಯಾಂಡಿನಿಂದ ಮನೆಗೂ ಹೋಗಗೊಡದೆ ನೀನು ನನ್ನನ್ನು ನೇರ ಶೆಡ್ಡಿಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟ ಕೂಡಲೇ ಸದ್ದು ಎದೆಗೆ ಬಂದು ಗುದ್ದಿತು. ಲಾಳಿಯ ಸದ್ದು ಕೇಳುತ್ತ ಮಲಗಿ ಎದ್ದು ಬೆಳೆದವನಿಗೆ ಮಗ್ಗ ಅಂದರೆ ಮನೆಯವರ ಮಾತಿನ ನಡುವೆ ಆಡಿಕೊಂಡಿರುವ ಒಂದು ಸಪ್ಪಳ, ಅಷ್ಟೇ. ಇಲ್ಲಿ ನಲವತ್ತೆಂಟು ಪವರ್‌ಲೂಮುಗಳು ಒಮ್ಮೆಲೇ ಓಡುತ್ತಿದ್ದವು. ನೀನು ಏನೋ ಹೇಳಿದೆ, ನಾನು ಆಂ ಆಂ ಅಂದೆ, ಕಡೆಗೆ ನನ್ನನ್ನು ಹೊರಗೆಳೆದುಕೊಂಡು ಬಂದು ನಕ್ಕೆ. “ಒಳಗ ಕಿವಿ ಕೆಲಸಾ ಮಾಡೂದಿಲ್ಲ ಅಳಿಯಾ. ಕೈ ನೋಡು, ತುಟಿ ನೋಡು.” ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರೆ ದಾರ ಹರಿದಿದೆ. ಹೊಟ್ಟೆಯ ಮುಂದೆ ಕೈ ಉಬ್ಬಿಸಿದರೆ ಮಾಲೀಕ ಶೇಟ್ ಬಂದರು. ಬಸಿ ಹಿಡಿದ ಹಾಗೆ ಬೆರಳು ಮಡಿಸಿದರೆ ಚಹಾ. ಈ ಊರಿನಲ್ಲಿ ನಾನು ಮೊದಲು ಕಲಿತ ಭಾಷೆ ಮರಾಠಿಯಲ್ಲ, ನಿನ್ನ ಕೈ.

ಆ ಮೊದಲ ತಿಂಗಳುಗಳಲ್ಲಿ ನಾನು ಎಷ್ಟು ಅತ್ತೆ! ಪಾಳಿ ಮುಗಿಸಿ ಹೊರಗೆ ಬಂದರೂ ತಲೆಯೊಳಗೆ ಮಗ್ಗ ಓಡುತ್ತಲೇ ಇರುತ್ತಿತ್ತು. ನಿನ್ನ ಮನೆಯಲ್ಲಿ ಅತ್ತಿ ಬಡಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕರು ಅನ್ನಿಸುತ್ತಿತ್ತು. ರಜೆಯ ದಿನ ನೀನು ಪಂಚಗಂಗೆಯ ದಂಡೆಗೆ ಕರೆದುಕೊಂಡು ಹೋಗಿ ಕೂರಿಸಿದಾಗ, ಊರಿಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದೆ. “ಇಲ್ಲಿ ಮಂದಿ ಕೆಟ್ಟವರಲ್ಲೋ” ಅಂದಿದ್ದೆ ನೀನು. “ಸದ್ದಿನ್ಯಾಗ ಯಾರ ಮಾತೂ ಯಾರಿಗೂ ತಿಳಿಯೂದಿಲ್ಲ, ಅದಕ್ಕ ಪರಕೀ ಅನಸ್ತೈತಿ. ಒಂದ ವರ್ಷ ತಡಿ.” ಬರುವಾಗ ನೀನು ಸಂತೆಯಲ್ಲಿ ಕಾಯಿಪಲ್ಯೆ ಮಾರುವವಳ ಮುಂದೆ ನಿಂತು, “ಕಾಯ್ ಮಾವಶೀ, ಹೀ ವಾಂಗೀ ಕಾಲಚೀ ದಿಸತಾತ” ಅಂದೆ. ಈ ಬದನೆಕಾಯಿ ನಿನ್ನೆಯವು ಅಂತ. ಅವಳು ಬೈದಳು, ನೀನು ತಿರುಗಿ ಏನೋ ಅಂದೆ, ಇಬ್ಬರೂ ನಕ್ಕಿರಿ. ನನಗೆ ಹೊಟ್ಟೆಕಿಚ್ಚಾಯಿತು. ನನಗೂ ಒಂದು ದಿನ ಹೀಗೆ ಮಾತಾಡಲು ಬರಬೇಕು ಅನ್ನಿಸಿತು.

ಬಂತು, ಭರ್ಜರಿಯಾಗಿಯೇ ಬಂತು. ಐದಾರು ವರ್ಷದಲ್ಲಿ ನಾನು ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವ ಜಾಬರ್ ಆದೆ. ಫೋನಿನಲ್ಲಿ ನನ್ನ ದನಿ ಕೇಳಿದವರು ಇವ ಕೊಲ್ಹಾಪುರದವನೇ ಅನ್ನಬೇಕು, ಅದು ನನ್ನ ಹಟ. ಮಕ್ಕಳನ್ನು ಬೈಯುವುದೂ ಮರಾಠಿಯಲ್ಲೇ. ಹೊರಗಿನವ ಅಂತ ಯಾರೂ ಬೆರಳು ತೋರಿಸಬಾರದು ಅನ್ನುವ ಹೆದರಿಕೆ ನನ್ನೊಳಗೆ ಎಷ್ಟಿತ್ತೆಂದರೆ, ಹೊಸದಾಗಿ ವಿಜಾಪುರ ಕಡೆಯಿಂದ ಬಂದವರನ್ನು ನಾನೇ ಮೊದಲು ಆಡಿಕೊಳ್ಳುತ್ತಿದ್ದೆ. ಕನ್ನಡ ಕಡೆಗೆ ನಿನ್ನಂಥ ಒಬ್ಬಿಬ್ಬರ ಜೊತೆ ಆಡುವ ಭಾಷೆಯಾಗಿ ಉಳಿಯಿತು. ನಾನು ಮೇಲೆ ಮೇಲೆ ಹೋದ ಹಾಗೆ ನೀನು ಮೂಕನಾಗುತ್ತ ಹೋದೆ. ನಾನು ಅದನ್ನು ನೋಡಿದೆ. ನೋಡಿದೆ ಅಷ್ಟೇ.

ಶೆಡ್ಡಿನ ಹೊರಗಿನ ಚಹಾದಂಗಡಿಯಲ್ಲಿ ನಿನಗೆ ‘ಕಾನಡಿ ಮಾಮಾ’ ಅಂತ ಹೆಸರು ಬಿದ್ದದ್ದು ಯಾವಾಗ? ಒಳಗೆ ಮಗ್ಗಗಳ ನಡುವೆ ನಿನ್ನಷ್ಟು ಚುರುಕು ಯಾರೂ ಇರಲಿಲ್ಲ. ಎಲ್ಲರಿಗೂ ಅಲ್ಲಿ ಕೈಯೇ ಬಾಯಿ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತರೆ ಮಾತ್ರ ನೀನು ಬೇರೆ ಮನುಷ್ಯನಾಗುತ್ತಿದ್ದೆ. ಒಮ್ಮೆ ಯಾರೋ ಮರಾಠಿಯಲ್ಲಿ, ಹೆಂಡತಿಯ ಜ್ವರ ಹೇಗಿದೆ ಅಂತ ಕೇಳಿದರು. ನೀನು ತಲೆಯಾಡಿಸಿ, “ಹೋ ಹೋ, ದೋನ” ಅಂದೆ. ಎರಡು! ಚಹಾ ಎಷ್ಟು ಅಂತ ಕೇಳಿದರು ಅಂದುಕೊಂಡಿದ್ದೆ ನೀನು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಆಮೇಲೆ ನಿನ್ನ ಕಡೆ ತಿರುಗಿ ಅದೇ ಮಾತನ್ನು ಕನ್ನಡದಲ್ಲಿ ಕೇಳಿದೆ. ನೀನು ಕೂಡಲೇ, “ಇಳದೈತಿ, ಇಂದ ಗಂಜಿ ಕುಡದಾಳ” ಅಂದೆ. ಅದಾದ ಮೇಲೆ ಯಾರಿಗೆ ಸಂಶಯ? ಕನ್ನಡ ತಿಳಿಯುತ್ತದೆ, ಮರಾಠಿ ತಿಳಿಯುವುದಿಲ್ಲ. ಮೂವತ್ತು ವರ್ಷ ಈ ಊರಿನ ಅನ್ನ ತಿಂದೂ ಕಲಿಯಲಿಲ್ಲ. ಸೊಕ್ಕು ಅಂದರು. ನಾನೂ ಅಂದೆ.

ನಾನು ಮೀಸೆ ದಪ್ಪ ಬಿಟ್ಟ ವರ್ಷ ನೀನು ಬೆನ್ನು ಹತ್ತಿದ್ದೆ. “ಆ ಮೀಸಿ ತಗದಬಿಡೋ ಅಳಿಯಾ, ಮಾರಿ ಕಾಣೂದಽ ಇಲ್ಲ.” ದಿನಾ ಅದೇ. ನಾನು ಜಾಬರ್ ಆದದ್ದು ಈ ಮುದುಕನ ಕಣ್ಣಿಗೆ ಚುಚ್ಚುತ್ತಿದೆ ಅಂತ ಹೆಂಡತಿಯ ಮುಂದೆ ಹೇಳಿಕೊಂಡು, ಬೇಕೆಂದೇ ಇನ್ನಷ್ಟು ಬೆಳೆಸಿದೆ. ಆಮೇಲೆ ರೋಗ ಬಂತು, ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡಿತು. ಶೆಡ್ಡು ಮತ್ತೆ ಶುರುವಾದಾಗ ನೀನು ಚಹಾದಂಗಡಿಗೆ ಬರುವುದನ್ನೇ ಬಿಟ್ಟೆ. ಗೋಡೆಯ ಕಡೆ ಮುಖ ಮಾಡಿ ಒಬ್ಬನೇ ಕೂಡುತ್ತಿದ್ದೆ. ನಾನು ಮಾತಾಡಿಸಿದರೂ ಮುಖ ಮುಖ ನೋಡುತ್ತಿದ್ದೆ. ಸಾವಿಗೆ ಹೆದರಿದ್ದಾನೆ ಅಂತ ಎಲ್ಲರೂ ಅಂದುಕೊಂಡೆವು.

ಇನ್ನು ಆ ದಿನದ ಮಾತು. ಶೇಟ್ ಹಳೆಯ ಮಗ್ಗಗಳಲ್ಲಿ ಅರ್ಧವನ್ನು ಗುಜರಿಗೆ ಹಾಕಿ ಲಾಳಿಯಿಲ್ಲದ ಹೊಸ ಮಗ್ಗ ತರಿಸುವುದು ನಿಶ್ಚಯವಾಗಿತ್ತು. ಕೆಲವರನ್ನು ಬಿಡಬೇಕು, ಕೆಲವರನ್ನು ಬೇರೆ ಕೆಲಸಕ್ಕೆ ಹಾಕಬೇಕು. ಶೆಡ್ಡಿನ ಕಾರಭಾರ ನೋಡುವ ದಿವಾಣಜಿ ಗಡಿ ಕಡೆಯ ಗಡಹಿಂಗ್ಲಜದವರು, ನನ್ನ ಜೊತೆ ಕನ್ನಡವನ್ನೇ ಆಡುತ್ತಿದ್ದರು. ಮಗ್ಗಗಳ ನಡುವೆ ನಿಂತು ನನ್ನ ಕಿವಿಯ ಹತ್ತಿರ ಬಂದು ಕೂಗಿ ಕೇಳಿದರು.

“ನಿಮ್ಮ ಮಾಮಾರನ್ನ ಘಡಿಗೆ ಇಟಗೊಳ್ಳೂಣೇನ್ರಿ ಮಲ್ಲಪ್ಪಾ? ಬಟ್ಟಿ ನೋಡಿ ಮಡಚೂದು, ಕುಂತ ಮಾಡೂ ಕೆಲಸ. ವ್ಯಾಪಾರಿ ಮಂದಿ ಬಂದ್ರ ನಾಕ ಮಾತ ಆಡಬೇಕಾಗತೈತಿ, ಅಷ್ಟ.”

ಹಿಂದಿನ ದಿನವೇ ಒಬ್ಬ ವ್ಯಾಪಾರಿಯ ಕಡೆಯವನು ನಿನಗೆ ಏನೋ ಕೇಳಿ, ನೀನು ಸುಮ್ಮನೆ ನಕ್ಕು ಹೋಗಿದ್ದೆ. ಅವನು ನನ್ನ ಮುಂದೆ, ನಿಮ್ಮ ಜನವೇ ಹೀಗೆ ಅಂದಿದ್ದ. ನಿಮ್ಮ ಜನ! ಇಷ್ಟೆಲ್ಲ ಕಲಿತು, ಇಷ್ಟೆಲ್ಲ ಬದಲಾಗಿ, ಕಡೆಗೂ ನಿನ್ನ ದೆಸೆಯಿಂದ ನಾನು ‘ನಿಮ್ಮ ಜನ’ ಆದೆನಲ್ಲ ಅನ್ನುವ ಉರಿ ಇನ್ನೂ ಆರಿರಲಿಲ್ಲ.

“ಬ್ಯಾಡ್ರಿ” ಅಂದೆ. “ಮೂವತ್ತ ವರ್ಷಾದ್ರೂ ಮರಾಠಿ ಕಲೀಲಿಲ್ಲ. ಕಲಿಯೂ ಮನಸ್ಸಽ ಇಲ್ಲ ಅವರಿಗೆ. ಇಟಗೊಂಡ್ರ ನಮ್ಮ ಮರ್ಯಾದಿ ಕಳೀತಾರ.”

ಆ ಗದ್ದಲದಲ್ಲಿ ನಾಲ್ಕು ಮಗ್ಗ ಆಚೆ ನೀನು ಬರಿಗಾಲಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದವರಿಗೇ ಕೇಳದ ಮಾತು ನಿನಗೆಲ್ಲಿ ಕೇಳಬೇಕು ಅಂತ ನಾನು ದನಿ ಕೂಡ ತಗ್ಗಿಸಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಟ್ಟೆ ಕಟ್ಟುವುದು ನಿಂತಿತ್ತು, ನನ್ನ ಮೀಸೆಯೂ ಇರಲಿಲ್ಲ. ಮಗಳು ಹಟ ಮಾಡಿದಳೆಂದು ತೆಗೆಸಿದ್ದೆ.

ವಾರ ಕಳೆದು ನಿನಗೆ ನಾಳೆಯಿಂದ ಬೇಡ ಅಂದರು. ನೀನು ನನ್ನ ಹತ್ತಿರ ಬಂದು, “ಛಲೋನ ಆತ ಬಿಡೋ, ಕಾಲಿಗೆ ಆರಾಮ” ಅಂದೆ. ನಾನು ಶೇಟ್‌ಗೆ ಬೈದೆ, ಹೊಸ ಮಗ್ಗಕ್ಕೆ ಬೈದೆ. ಎಷ್ಟು ಚೆನ್ನಾಗಿ ನಟಿಸಿದೆ ಅಂತ ನನಗೇ ಅನ್ನಿಸಿತ್ತು. ನೀನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದೆ, ಎಲ್ಲ ಮುಗಿದ ಮೇಲೆ ಭುಜ ತಟ್ಟಿ ಹೋದೆ. ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು ಮಾಮಾ? ಅದನ್ನು ನೆನೆಸಿದರೆ ಈಗಲೂ...

ಪಾಪ ತೊಳೆದುಕೊಳ್ಳಲಿಕ್ಕೆ ನಾನೇ ಓಡಾಡಿ ಕಾಗಲದ ಕಾರಖಾನೆಯೊಂದರ ಗೇಟಿಗೆ ನಿನ್ನನ್ನು ವಾಚ್‌ಮನ್ ಮಾಡಿಸಿದೆ. ಅಲ್ಲಿ ಮಾತಿನ ಕೆಲಸವಿಲ್ಲ, ಗೇಟು ತೆಗೆ, ಗೇಟು ಹಾಕು. ಒಂಬತ್ತನೆಯ ದಿನ ಅಲ್ಲಿಂದ ಫೋನ್ ಬಂತು, ಬೈಕ್ ಹತ್ತಿ ಬಂದೆ. ಮಧ್ಯಾಹ್ನದ ಬಿಸಿಲಲ್ಲಿ ಲಾರಿ ಗೇಟಿನ ಹೊರಗೆ ನಿಂತು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಡ್ರೈವರ್ ಗೋಡೆ ಹಾರಿ ಒಳಗೆ ಬಂದಿದ್ದ. ನೀನು ಗೇಟಿಗೆ ಬೆನ್ನು ಹಾಕಿ ಕನ್ನಡ ಪೇಪರ್ ಓದುತ್ತ ಕುಳಿತಿದ್ದೆಯಂತೆ. ಮುದುಕ ಬೇಕೆಂದೇ ಮಾಡುತ್ತಾನೆ ಅಂದರು. ನಾನು ಅವರೆಲ್ಲರ ಮುಂದೆ ನಿನಗೆ ಬೈದೆ, ಅದೂ ಮರಾಠಿಯಲ್ಲಿ, ಅವರಿಗೆ ತಿಳಿಯಲಿ ಅಂತ. ನೀನು ಕಣ್ಣು ಕಿರಿದು ಮಾಡಿ ನನ್ನ ಬಾಯಿ ನೋಡಿದೆ. ಆಮೇಲೆ ನಾನು ಕನ್ನಡದಲ್ಲಿ, “ನಿನ್ನಿಂದ ಯಾವ ಕೆಲಸಾ ಆಕ್ಕೈತಿ ಹೇಳು?” ಅಂದೆ. ಅದು ನಿನಗೆ ಪೂರ್ತಿ ತಿಳಿಯಿತು. ಪೇಪರ್ ಮಡಚಿ ಚೀಲಕ್ಕೆ ಹಾಕಿಕೊಂಡು ನನ್ನ ಬೈಕಿನ ಹಿಂದೆ ಬಂದು ಕುಳಿತೆ. ಯಡ್ರಾವದಲ್ಲಿ ನಿನ್ನ ಮನೆಯ ಮುಂದೆ ನಿನ್ನನ್ನು ಇಳಿಸಿ ನಾನು ಬೈಕ್ ತಿರುಗಿಸಿದೆ.

ಅಲ್ಲಿಂದ ಮುಂದೆ ಯಡ್ರಾವದ ಆ ಒಂದು ಖೋಲಿ ಬಿಟ್ಟು ನೀನು ಹೊರಬೀಳಲಿಲ್ಲ. ಸುತ್ತ ನಾಲ್ಕೂ ಕಡೆ ಮಗ್ಗ ಓಡುವ ಗಲ್ಲಿ. ನೆಲದ ಮೇಲೆ ಅಂಗೈ ಊರಿ ಕುಳಿತಿರುತ್ತಿದ್ದೆ, ಏನು ಮಾಡಾಕತ್ತೀದಿ ಅಂದರೆ ನಗುತ್ತಿದ್ದೆ. ನಾನು ಬರುವುದನ್ನು ಕಡಿಮೆ ಮಾಡಿದೆ. ಕೆಲಸ ಭಾಳ ಅಂದೆ. ಕೆಲಸ ಇರಲಿಲ್ಲ ಮಾಮಾ, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಒಂದು ಬೆಳಿಗ್ಗೆ ಅತ್ತಿ ಚಹಾ ಹಿಡಿದು ಎಬ್ಬಿಸಲು ಹೋದಾಗ ನೀನು ಇರಲಿಲ್ಲ. ಎದೆ ನಿಂತಿತ್ತು ಅಂದರು ಡಾಕ್ಟರ್.

ಹೋದ ತಿಂಗಳು ಗಡಹಿಂಗ್ಲಜಕ್ಕೆ ಹೋಗಿದ್ದೆ. ಅತ್ತಿ ಈಗ ಅಲ್ಲೇ ಮಗಳ ಮನೆಯಲ್ಲಿದ್ದಾಳೆ. ಬಸ್ಸು ಮುರಗೂಡ ದಾಟುವವರೆಗೂ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡಿದ್ದೆ, ಬಾಗಿಲಿಗೆ ಬರುವಷ್ಟರಲ್ಲಿ ಮಾತು ಹೂತುಹೋಗಿತ್ತು. ಊಟಕ್ಕೆ ಕುಳಿತಾಗ ಏನಾದರೂ ಹೇಳಬೇಕಲ್ಲ ಅಂತ, “ಮಾಮಾ ಇನ್ನೊಂದೀಟ ಮರಾಠಿ ಕಲ್ತಿದ್ರ ಕಡೀಗಾಲ ಹಿಂಗ ಆಕ್ಕಿರಲಿಲ್ಲ” ಅಂದೆ. ನೋಡು, ಆಗಲೂ ಹಾಗೇ ಅಂದೆ!

ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅವರಿಗೆ ಕೇಳಸ್ತಿದ್ದಿಲ್ಲೋ ಮಲ್ಲ್ಯಾ.”

“ಏನ ಕೇಳಸ್ತಿದ್ದಿಲ್ಲ?”

“ಏನೂ. ಹತ್ತ ಹನ್ನೆರಡ ವರ್ಷ ಆಗಿತ್ತ. ನಮ್ಮ ತುಟಿ ನೋಡಿ ತಿಳಕೊಳ್ಳಾವರು. ಕನ್ನಡ ಸಣ್ಣವರಿದ್ದಾಗಿಂದ ಕಿವೀಲೆ ಕೇಳಿದ್ದು, ತುಟಿ ಅಲ್ಲಾಡಿದ್ರ ಸಾಕಾಗತಿತ್ತ. ಮರಾಠಿ ದೊಡ್ಡವರಾದ ಮ್ಯಾಲೆ ಕಲ್ತದ್ದು, ಬರೇ ತುಟಿ ನೋಡಿದ್ರ ತಿಳೀತಿದ್ದಿಲ್ಲ. ನಾಕ ಮಾತ ಉಳದಿದ್ದುವು, ಅವೂ ಎಲ್ಲಿ ಹತ್ತಬೇಕು.”

ನಾನು ತುತ್ತು ಕೈಯಲ್ಲಿ ಹಿಡಿದೇ ಕೇಳಿದೆ, ನಮಗ್ಯಾಕ ಹೇಳಲಿಲ್ಲ ಅಂತ.

“ಕಿವುಡಾ ಅಂತ ಗೊತ್ತಾದ್ರ ಮಗ್ಗ ಕೊಡ್ತಾರೇನ? ಭಾಷಾ ಬರೂದಿಲ್ಲ ಅಂದಕೊಳ್ಳಲಿ, ನಗಲಿ. ಅದಕ್ಕ ಯಾರೂ ಕೆಲಸದಿಂದ ತಗಿಯೂದಿಲ್ಲ ಅಂತಿದ್ರು.”

ಯಾರೂ ತೆಗೆಯುವುದಿಲ್ಲ. ಮಾಮಾ, ನಾನು ತೆಗೆಸಿದೆನಲ್ಲ! ನೀನು ಕಿವಿಯನ್ನು ಮುಚ್ಚಿಡಲು ಹೊದ್ದ ಹೊದಿಕೆಯನ್ನೇ ಹಿಡಿದೆಳೆದೆನಲ್ಲ. ಆಗ ಬಾಯಿ ತೆರೆಯಬೇಕು ಅಂದುಕೊಂಡೆ. ಅತ್ತಿ ಹೆಂಚಿನ ಕಡೆ ತಿರುಗಿಕೊಂಡೇ ಮುಂದುವರಿಸಿದಳು.

“ನೀ ದಿವಾಣಜಿಗೆ ಹೇಳಿದ ದಿನಾ ಮನಿಗೆ ಬಂದು ಉಣಲಿಲ್ಲ. ‘ಅಳಿಯಾ ಹಿಂಗಂದ’ ಅಂದ್ರು. ನಿಮಗ ಯಾರ ಹೇಳಿದ್ರು ಅಂದ್ನಿ. ‘ಅವನಽ ಹೇಳಿದ, ನಾ ಕಂಡ್ನಿ’ ಅಂದ್ರು.”

ಅಷ್ಟು ದೊಡ್ಡ ಶೆಡ್ಡಿನಲ್ಲಿ, ಅಷ್ಟು ಸದ್ದಿನಲ್ಲಿ, ಕಿವಿ ಇದ್ದ ಯಾರಿಗೂ ಕೇಳದ ಮಾತು ನಿನಗೊಬ್ಬನಿಗೆ ಅಕ್ಷರ ಅಕ್ಷರ ತಿಳಿದಿತ್ತು. ಅದು ಗೊತ್ತಿದ್ದೂ ನನ್ನ ನಾಟಕ ಪೂರ್ತಿ ನೋಡಿ ಭುಜ ತಟ್ಟಿದೆ. ಅದು ಗೊತ್ತಿದ್ದೂ ನನ್ನ ಬೈಕಿನ ಹಿಂದೆ ಕುಳಿತೆ. ದೀಪಾವಳಿಗೆ ನನ್ನ ಮಕ್ಕಳಿಗೆ ಉಂಡಿ ಕಟ್ಟಿಸಿ ಕಳಿಸಿದೆ.

“ಸಿಟ್ಟ ಬರಲಿಲ್ಲೇನ್ರಿ ಅಂತ ನಾನಽ ಕೇಳಿದ್ನಿ” ಅಂದಳು ಅತ್ತಿ. “‘ಅವ ಸುಳ್ಳ ಹೇಳಿಲ್ಲ, ತನಗ ಕಂಡದ್ದ ಹೇಳ್ಯಾನ. ಮುಚ್ಚಿಟ್ಟಾವ ನಾ’ ಅಂದ್ರು. ಅವರು ಮಾಫ್ ಮಾಡ್ಯಾರ. ನಾ ಮಾಡಿಲ್ಲ. ಉಣ್ಣು, ರೊಟ್ಟಿ ಆರತೈತಿ.”

ಉಂಡೆ. ಏನು ಉಂಡೆನೋ. ಬರುವಾಗ ಬಸ್ಸಿನಲ್ಲಿ ಒಂದೊಂದೇ ಎದುರಿಗೆ ಬಂದವು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದದ್ದು ಮಗ್ಗದ ನಡುಕದಿಂದ ಅದರ ದೋಷ ತಿಳಿಯಲಿಕ್ಕೆ. ಮೀಸೆ ತೆಗೆ ಅಂದದ್ದು ನನ್ನ ಮಾತು ಕಾಣಲಿ ಅಂತ. ಬಾಯಿಗೆ ಬಟ್ಟೆ ಕಟ್ಟಿದ ಆ ವರ್ಷ ನಿನಗೆ ಜಗತ್ತೇ ಬಾಗಿಲು ಹಾಕಿಕೊಂಡಿತ್ತು. ಕಾಯಿಪಲ್ಯೆಯವಳ ಜೊತೆ ನಗುತ್ತ ಮಾತಾಡಿದ ಆ ಮರಾಠಿ ಎಲ್ಲಿ ಹೋಯಿತು ಅಂತ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಾನು ಯಾಕೆ ಕೇಳಲಿಲ್ಲ? ಕಲಿತದ್ದನ್ನು ಮನುಷ್ಯ ಬೇಕಂತ ಮರೆಯುತ್ತಾನೆಯೇ? ನಾನು ಅಷ್ಟು ದಡ್ಡನಲ್ಲ. ನನಗೆ ನಿನ್ನ ಬಗ್ಗೆ ನಾಚಿಕೆ ಬೇಕಾಗಿತ್ತು, ಅಷ್ಟೇ. ಹಿಂದೆ ಬಿದ್ದವನೊಬ್ಬ ಪಕ್ಕದಲ್ಲಿದ್ದರೆ ತಾನೇ ನಾನು ಮುಂದೆ ಬಂದದ್ದು ಕಾಣುವುದು.

ನೀನು ಕೇಳದ ಸುದ್ದಿ ಈಗ ಹೇಳುತ್ತೇನೆ. ಹದಿನೈದು ದಿನದ ಹಿಂದೆ ಕೊಲ್ಹಾಪುರಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿಕೊಂಡೆ. ಮನೆಯವರು ಟಿ.ವಿ. ದನಿ ಕಡಿಮೆ ಮಾಡು ಅಂತ ಬಹಳ ದಿನದಿಂದ ಜಗಳ ತೆಗೆಯುತ್ತಿದ್ದರು. ಸಣ್ಣದೊಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ನಾನು ಬೆರಳು ಇಟ್ಟುಕೊಂಡು ಶುರುವಾಗಲಿ ಅಂತ ಕಾಯುತ್ತ ಕುಳಿತೆ. ಹುಡುಗಿ ಬಾಗಿಲು ತೆಗೆದು, “ಝಾಲಂ ಕಾಕಾ” ಅಂದಳು. ಮುಗಿದೇಹೋಗಿತ್ತು. ಸದ್ದು ಬಂದ ಹಾಗನ್ನಿಸಿ ನಡುವೆ ನಾಲ್ಕೈದು ಸಲ ಒತ್ತಿದ್ದೆ, ಅದಿನ್ನೂ ತಯಾರಿ ಅಂದುಕೊಂಡಿದ್ದೆ. ಬಲಗಿವಿ ಹೆಚ್ಚೂಕಡಿಮೆ ಹೋಗಿದೆ, ಎಡಗಿವಿ ಆ ದಾರಿಯಲ್ಲಿದೆ. ಎಷ್ಟು ವರ್ಷ ಮಗ್ಗದಲ್ಲಿ ಅಂತ ಡಾಕ್ಟರ್ ಕೇಳಿದರು. ಇಪ್ಪತ್ತೆರಡು ಅಂದೆ. ಅವರು ಅದನ್ನು ರಿಪೋರ್ಟಿನಲ್ಲಿ ಬರೆದುಕೊಂಡರು.

ರಿಪೋರ್ಟನ್ನು ಮುಚ್ಚಿಡಬೇಕು ಅಂತಲೇ ಮೊದಲು ಅನ್ನಿಸಿತು. ಕಿವಿಯಿಲ್ಲದ ಜಾಬರ್ ಯಾರಿಗೆ ಬೇಕು? ಹೊಸ ಮಗ್ಗಕ್ಕಂತೂ ನನ್ನಂಥವರು ಈಗಲೇ ಹೆಚ್ಚಾಗಿದ್ದಾರೆ. ಹನ್ನೆರಡು ದಿನ ಚೀಲದ ತಳದಲ್ಲೇ ಇಟ್ಟುಕೊಂಡು ತಿರುಗಿದೆ. ಮೊನ್ನೆ ಪಾಳಿ ಬದಲಾಗುವ ಹೊತ್ತಿಗೆ ಮಗ್ಗ ನಿಲ್ಲಿಸಿ, ಶೇಟ್ ಮತ್ತು ದಿವಾಣಜಿಯ ಎದುರಿಗೆ ಎಲ್ಲರಿಗೂ ಹೇಳಿದೆ. ಮರಾಠಿಯಲ್ಲಿ ಹೇಳಿದೆ, ಆಮೇಲೆ ಕನ್ನಡದಲ್ಲಿ. ನಿನ್ನ ಕಿವಿಯ ಮಾತು ಮೊದಲು, ನಾನು ಆಡಿದ ಮಾತು ಎರಡನೆಯದು, ನನ್ನ ಕಿವಿಯ ಮಾತು ಕಡೆಗೆ. ಕಾನಡಿ ಮಾಮಾನಿಗೆ ಸೊಕ್ಕಿರಲಿಲ್ಲ, ಕಿವಿ ಇರಲಿಲ್ಲ, ನಾನು ಅವರನ್ನು ಕೆಲಸದಿಂದ ತೆಗೆಸಿದೆ ಅಂತ ಬಾಯಿಬಿಟ್ಟು ಹೇಳಿದೆ. ದಿವಾಣಜಿ ನೆಲ ನೋಡಿದರು. ಶೇಟ್ “ಬಘೂ” ಅಂದು ಹೊರಟುಹೋದರು. ನೋಡೋಣ ಅಂದರೆ ಏನೋ, ಇನ್ನೂ ಗೊತ್ತಿಲ್ಲ. ಬರುವ ತಿಂಗಳು ನಾನು ಇಲ್ಲಿ ಇರುತ್ತೇನೋ ಇಲ್ಲವೋ.

ಆ ದಿನ ಎಲ್ಲರೂ ತಮ್ಮ ತಮ್ಮ ಮಗ್ಗದ ಕಡೆ ಹೋದರು. ಮರುದಿನ ನೀರಿನ ಟಾಕಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಯಡ್ರಾವದ ದತ್ತೂ ಬಂದ. ನಿನ್ನ ‘ದೋನ’ದ ಮಾತಿಗೆ ನನ್ನ ಜೊತೆ ಬಿದ್ದು ಬಿದ್ದು ನಕ್ಕವನು, ಹುಟ್ಟಿದಾಗಿನಿಂದ ಮರಾಠಿ ಬಿಟ್ಟು ಬೇರೆ ಮಾತು ತಿಳಿಯದವನು. ಅತ್ತಿತ್ತ ನೋಡಿ, ನನ್ನ ಮುಖದ ಎದುರಿಗೇ ನಿಂತು, “ಮಲಾ ಪಣ ಐಕೂ ಯೇತ ನಾಹೀ ರೇ” ಅಂದ. ನನಗೂ ಕೇಳುವುದಿಲ್ಲ ಅಂತ. ಆರು ವರ್ಷವಾಯಿತಂತೆ, ಹೆಂಡತಿಗೂ ಹೇಳಿಲ್ಲ. ಮಧ್ಯಾಹ್ನ ಒಡಿಶಾದವನೊಬ್ಬ ಬಂದ. ಸಂಜೆಯೊಳಗೆ ಆರು ಜನ. ಚಹಾದಂಗಡಿಯ ಬೆಂಚಿನ ಮೇಲೆ ಆ ದಿನ ನಿನ್ನನ್ನು ನೋಡಿ ನಗುತ್ತಿದ್ದ ನಮ್ಮಲ್ಲಿ ಎಷ್ಟು ಜನಕ್ಕೆ ಏನೂ ಕೇಳುತ್ತಿರಲಿಲ್ಲ ಮಾಮಾ! ಒಬ್ಬ ನಕ್ಕದ್ದು ನೋಡಿ ಇನ್ನೊಬ್ಬ ನಕ್ಕ, ಅಷ್ಟೇ.

ಬರುವ ರಜೆಯ ದಿನ ಆ ಆರೂ ಜನರನ್ನು ಕೊಲ್ಹಾಪುರಕ್ಕೆ, ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಒಳಗೆ ಕೂತವರಿಗೆ ಪರೀಕ್ಷೆ ಮುಗಿದದ್ದು ತಿಳಿಯದೆ ಹೋದರೆ ಬಾಗಿಲಲ್ಲಿ ನಿಂತು ನಾನು ಹೇಳುತ್ತೇನೆ. ಅತ್ತಿಗೆ ಇದನ್ನು ಫೋನಿನಲ್ಲಿ ಹೇಳಿದೆ. “ನಿನ್ನ ಮಾಮಾರನ್ನ ಕರಕೊಂಡ ಹೋಗಿದ್ದ್ಯೇನ?” ಅಂತ ಕೇಳಿದಳು.

ಇಲ್ಲ ಮಾಮಾ. ಕರೆದುಕೊಂಡು ಹೋಗಲಿಲ್ಲ.

ನಿನ್ನ ಅಳಿಯ,
ಮಲ್ಲಪ್ಪ